ಡಲ್ಲಾಸ್ ಚಳಿಗೆ ನನ್ನ ಅಂಗಡಿಯ ತಯಾರಿ: ಪೈಪು, ಪಾಲಿಸಿ, ಉಪ್ಪುನೀರಿನ ಕ್ಯಾನು

ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ನನ್ನದೊಂದು ಚಿಕ್ಕ ದಿನಸಿ ಅಂಗಡಿ. ಒಂದು ವಾಕ್-ಇನ್ ಫ್ರೀಜರ್, ಎರಡು ಕೂಲರ್, ಹಿಂದೆ ದೋಸೆ ಹಿಟ್ಟು ರುಬ್ಬುವ ಜಾಗ. ಚಳಿಗಾಗಿ ಇನ್ಶೂರೆನ್ಸಿಗೆ ಜಾಸ್ತಿ ದುಡ್ಡು ಹಾಕ್ತೀನಿ ಅಂದಾಗ ಅಂಗಡಿ ನಡೆಸುವ ಗೆಳೆಯರೆಲ್ಲ ಬೇಡ ಅಂದರು. "ದೊಡ್ಡ ಚಳಿ 2011ರಲ್ಲಿ ಬಂತು, 2021ರಲ್ಲಿ ಬಂತು, ಇನ್ನು 2031ಕ್ಕೆ ನೋಡೋಣ ಬಿಡಿ" ಅಂದವರೂ ಇದ್ದರು. ಹಾಕಿದ ದುಡ್ಡು ನನಗೆ ವಾಪಸ್ ಬಂದಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

2021ರ ಫೆಬ್ರವರಿ ನಿಮಗೂ ನೆನಪಿರುತ್ತದೆ. 15ರ ನಸುಕಿನಲ್ಲಿ ಟೆಕ್ಸಾಸ್‌ನ ಕರೆಂಟ್ ಗ್ರಿಡ್ ನೋಡಿಕೊಳ್ಳುವ ಎರ್ಕಾಟ್ ಸಂಸ್ಥೆ ಲೋಡ್ ಶೆಡ್ಡಿಂಗ್ ಶುರು ಮಾಡಿತು. 16ಕ್ಕೆ ಏರ್‌ಪೋರ್ಟಿನಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 19 ಸೆಲ್ಸಿಯಸ್. ನಮ್ಮ ಸಾಲಿನ ಅಂಗಡಿಗಳಿಗೆ ಎರಡು ದಿನಕ್ಕೂ ಮಿಕ್ಕಿ ಕರೆಂಟ್ ಇರಲಿಲ್ಲ. ಹೊರಗೋಡೆಯೊಳಗಿನ ಪೈಪ್ ಒಡೆದು ಅಕ್ಕಿ, ಆಟಾ ಮೂಟೆಗಳೆಲ್ಲ ನೆನೆದವು. ಐಸ್‌ಕ್ರೀಮ್, ಪರೋಟ, ಅವರೆಕಾಳು ಕರಗಿ ಕೂತವು. ಎಲ್ಲ ಸೇರಿ ಹದಿನೇಳು ಹದಿನೆಂಟು ಸಾವಿರ ಡಾಲರ್ ಹೋಗಿರಬೇಕು.

ಕ್ಲೇಮ್ ಕಥೆ ಇನ್ನೂ ಕಷ್ಟದ್ದು. ಫ್ರೀಜರ್ ಮಾಲಿಗೆ ಸೊನ್ನೆ. ಕರೆಂಟ್ ಹೋದ ಕಾರಣ ನಮ್ಮ ಕಟ್ಟಡದ ಹೊರಗಿನದು ಅಂದರು. ವ್ಯಾಪಾರ ನಿಂತ ನಷ್ಟಕ್ಕೂ ಸೊನ್ನೆ, ಯಾಕೆಂದರೆ ಮೊದಲ 72 ಗಂಟೆ ವೇಟಿಂಗ್ ಪೀರಿಯಡ್, ಅಷ್ಟು ಹೊತ್ತಿನ ನಷ್ಟಕ್ಕೆ ಏನೂ ಕೊಡಲ್ಲ. ಪೈಪಿಗೆ ಮಾತ್ರ ತಿಂಗಳುಗಟ್ಟಲೆ ಎಳೆದಾಡಿ ಅರ್ಧ ಕೊಟ್ಟರು. "ಒಳಗೆ ಬಿಸಿ ಇಡೋದಕ್ಕೆ ಪ್ರಯತ್ನಪಟ್ಟಿರಾ? ಇಲ್ಲಾಂದ್ರೆ ನೀರು ಖಾಲಿ ಮಾಡಿದ್ದಿರಾ? ಸಾಕ್ಷಿ ಏನಿದೆ?" ಅಂತ ಅಡ್ಜಸ್ಟರ್ (ನಷ್ಟ ಪರಿಶೀಲಿಸಲು ಬರುವ ಇನ್ಶೂರೆನ್ಸ್‌ನವರು) ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಆ ಪ್ರಶ್ನೆಯಿಂದಲೇ ನನ್ನ ವಿಧಾನ ಹುಟ್ಟಿತು. ಪೈಪ್ ಕೆಲಸ ಬೇರೆ, ಪಾಲಿಸಿ ಕೆಲಸ ಬೇರೆ ಅಲ್ಲ. ಪೈಪಿಗೆ ಏನು ಮಾಡಿದರೂ ಅದು ಕ್ಲೇಮಿಗೆ ಸಾಕ್ಷಿಯಾಗಬೇಕು.

ಎಲ್ಲರೂ ಪೈಪಿಗೆ ಹೀಟ್ ಟೇಪ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಪಟ್ಟಿ, ಸುತ್ತಿಸಿ ಅಂದರು. ಕರೆಂಟ್ ಹೋದ ಮೇಲೆ ಅದರಿಂದ ಏನು ಪ್ರಯೋಜನ? ನಾನು ಸುಮಾರು 350 ಡಾಲರ್ ಕೊಟ್ಟು ನಮ್ಮ ಭಾಗಕ್ಕೇ ಬೇರೆ ಶಟ್-ಆಫ್ ವಾಲ್ವ್, ಕೆಳಗೆ ಪೈಪ್ ಖಾಲಿ ಮಾಡಲು ಒಂದು ನಲ್ಲಿ ಹಾಕಿಸಿದೆ. ಇಪ್ಪತ್ತು ಡಿಗ್ರಿಯ (ಇಲ್ಲಿಂದ ಮುಂದೆ ಹೇಳುವ ಡಿಗ್ರಿಯೆಲ್ಲ ಫ್ಯಾರನ್‌ಹೀಟ್) ಕೆಳಗೆ ಹೋಗುತ್ತದೆ ಅಂತ ಮುನ್ಸೂಚನೆ ಬಂದರೆ ರಾತ್ರಿ ನೀರು ಬಂದ್, ಪೈಪ್ ಖಾಲಿ, ಫೋನಲ್ಲಿ ಫೋಟೋ. ಬ್ಯಾಟರಿಯಲ್ಲಿ ನಡೆಯುವ, ತಾಪಮಾನ ದಾಖಲಿಸುತ್ತಾ ಹೋಗುವ ಟೆಂಪರೇಚರ್ ಲಾಗರ್ ಒಂದು ಸಿಂಕ್ ಹಿಂದೆ, ಒಂದು ಫ್ರೀಜರಿನಲ್ಲಿ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪನ್ನು ನಾವು ಖಾಲಿ ಮಾಡುವ ಹಾಗಿಲ್ಲ, ಅದಕ್ಕೆ ಒಳಗೆ 40 ಡಿಗ್ರಿಯಾದರೂ ಇರಬೇಕು. ಅದು ಯಾರ ಹೊಣೆ ಅಂತ ಲ್ಯಾಂಡ್‌ಲಾರ್ಡ್ ಹತ್ತಿರ ಲೀಸ್‌ನಲ್ಲೇ ಬರೆಸಿಕೊಂಡೆ. ಹಿಂಬಾಗಿಲಿನ ಸಂದಿಗೆ ಏನು ತುಂಬುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅಂಗಡಿಗೆ ಬಂದರೆ ತೋರಿಸುತ್ತೇನೆ.

ಪಾಲಿಸಿಗೆ ಮಾಲು ಕೆಡುವುದಕ್ಕೆ ಒಂದು, ಹೊರಗಿನ ಕರೆಂಟ್ ಹೋಗುವುದಕ್ಕೆ ಒಂದು, ಹೀಗೆ ಎರಡು ಎಂಡಾರ್ಸ್‌ಮೆಂಟ್ (ಮೂಲ ಪಾಲಿಸಿಗೆ ಹೆಚ್ಚುವರಿ ಷರತ್ತು) ಸೇರಿಸಿದೆ. ಇಲ್ಲಿ ಹುಷಾರು. ಮೊದಲನೆಯದರಲ್ಲಿ ಮೆಷಿನ್ ಕೆಡುವುದು ಬೇರೆ, ಪವರ್ ಔಟೇಜ್ ಬೇರೆ. ಎರಡಕ್ಕೂ ಟಿಕ್ ಇದೆಯಾ ನೋಡಿ. ಎರಡನೆಯದರಲ್ಲಿ ಕಂಬದ ಮೇಲಿನ ತಂತಿಗಳನ್ನು ಎಷ್ಟೋ ಸಲ ಬಿಟ್ಟಿರುತ್ತಾರೆ, ಕೇಳಿ ಸೇರಿಸಬೇಕು. ಗ್ರಿಡ್‌ನವರೇ ಸ್ವಿಚ್ ಆಫ್ ಮಾಡಿದರೆ, ಸರ್ಕಾರದ ಆದೇಶದಿಂದ ಹೋದರೆ ಕೊಡಲ್ಲ ಅನ್ನುವ ಸಾಲೂ ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. 2021ರಲ್ಲಿ ಆಗಿದ್ದು ಅದೇ ಅಲ್ವಾ? ಇಬ್ಬರು ಏಜೆಂಟರು ಇದಕ್ಕೆ ಉತ್ತರ ಕೊಡದೆ ಜಾರಿಕೊಂಡರು. ಮೂರನೆಯವರು ಇದರ ಉತ್ತರವನ್ನು ಕಂಪನಿಯಿಂದಲೇ ಇ-ಮೇಲ್‌ನಲ್ಲಿ ಬರೆಸಿಕೊಟ್ಟರು. ವೇಟಿಂಗ್ 24 ಗಂಟೆಗೆ ಇಳಿಯಿತು. ಎಲ್ಲ ಸೇರಿ ವರ್ಷಕ್ಕೆ 400 ಡಾಲರ್ ಚಿಲ್ಲರೆ ಜಾಸ್ತಿ.

ನಡುವೆ, ಕರೆಂಟ್ ಹೋದರೂ ಫ್ರೀಜರ್ ತಣ್ಣಗಿರಲಿ ಅಂತ ಒಂದು ಪ್ರಯೋಗವನ್ನೂ ಮಾಡಿದೆ. ಸಾದಾ ನೀರಿನ ಐಸ್ ಕರಗುವುದು 32 ಡಿಗ್ರಿಯಲ್ಲಿ. ಅಷ್ಟರಲ್ಲಿ ಐಸ್‌ಕ್ರೀಮ್ ಹೋಗಿರುತ್ತದೆ. ಅದಕ್ಕೆ ಖಾಲಿ ಹಾಲಿನ ಕ್ಯಾನುಗಳಲ್ಲಿ ಉಪ್ಪುನೀರು ಹೆಪ್ಪುಗಟ್ಟಿಸಿ ನೋಡಿದೆ. ಉಪ್ಪು ಕಾಲುಭಾಗ ಹಾಕಿದಾಗ ಸೊನ್ನೆ ಡಿಗ್ರಿ ಫ್ರೀಜರಿನಲ್ಲೂ ನೀರು ನೀರಾಗಿಯೇ ಉಳಿಯಿತು. ಹತ್ತಕ್ಕೆ ಒಂದು ಹಾಕಿದಾಗ ಗಟ್ಟಿಯಾಯಿತು. ಖಾಲಿ ಜಾಗಕ್ಕೆಲ್ಲ ಅದನ್ನೇ ತುಂಬಿ ಬ್ರೇಕರ್ ಆಫ್ ಮಾಡಿದರೆ ಒಂದು ದಿನದ ಮೇಲೂ ಒಳಗೆ ಇಪ್ಪತ್ತರ ಆಸುಪಾಸು.

2022ರ ಡಿಸೆಂಬರ್ ಕೊನೆಗೆ ಹತ್ತು ಹನ್ನೊಂದು ಡಿಗ್ರಿಗೆ ಇಳಿದಾಗ ಪಕ್ಕದ ಸಲೂನಿನ ಸೀಲಿಂಗ್ ಕೆಳಗೆ ಬಿತ್ತು. ನಮ್ಮಲ್ಲಿ ಒಂದು ಹನಿ ಸೋರಲಿಲ್ಲ.

ಆದರೆ ದುಡ್ಡು ವಾಪಸ್ ಬಂದಿದ್ದು ಬೇಸಿಗೆಯ ಬಾಗಿಲಲ್ಲಿ! 2024ರ ಮೇ 28ರ ಬೆಳಿಗ್ಗೆಯ ಬಿರುಗಾಳಿಗೆ ಲಕ್ಷಗಟ್ಟಲೆ ಮನೆ, ಅಂಗಡಿಗಳ ಕರೆಂಟ್ ಹೋಯಿತು. ನಮಗೆ ಬರಲು ಮೂರು ದಿನ ಹಿಡಿಯಿತು. ಆ ಸೆಖೆಗೆ ಉಪ್ಪುನೀರಿನ ಕ್ಯಾನೂ ಮೊದಲ ದಿನ ಮಾತ್ರ ತಡೆಯಿತು. ಎಂಟು ಸಾವಿರದ ಮಾಲು ಎಸೆದೆ. ತಂತಿ ಕಡಿದ ಫೋಟೋ, ಲಾಗರ್ ಗ್ರಾಫ್, ಹಿಂದಿನ ವಾರದ ಬಿಲ್ಲುಗಳನ್ನು ಒಟ್ಟಿಗೆ ಕಳಿಸಿದೆ. ಡಿಡಕ್ಟಿಬಲ್, ಅಂದರೆ ನಾವೇ ಭರಿಸಬೇಕಾದ 500 ಡಾಲರ್ ಕಳೆದು ಉಳಿದದ್ದು ಐದಾರು ವಾರದಲ್ಲಿ ಬಂತು. 2031ರ ಲೆಕ್ಕ ಹೇಳಿದ ಗೆಳೆಯರಲ್ಲಿ ಇಬ್ಬರು ಈಗ ನನ್ನ ಏಜೆಂಟ್ ಹತ್ತಿರವೇ ಇದ್ದಾರೆ. ನೀವೂ ಮಾಡಿಸುವುದಾದರೆ ಅಕ್ಟೋಬರ್ ಒಳಗೇ ಮಾಡಿಸಿ. ನನಗೆ ಆ ಒಂದು ಇ-ಮೇಲ್ ಬರುವುದಕ್ಕೇ ಹತ್ತಿರ ಎರಡು ತಿಂಗಳು ಬೇಕಾಯಿತು.