ರಟ್ಟಿನ ಕೋಟೆಯಲ್ಲೊಂದು ಸಾಧು ದೆವ್ವ: ಮಕ್ಕಳೊಡನೆ ಕಿರುಚಿತ್ರ ಮಾಡುವ ಬಗೆ

ದಸರಾ ರಜೆಗೆ ಬಸವನಗುಡಿಯ ನಮ್ಮ ಮನೆಗೆ ಬಂದಿದ್ದ ತಂಗಿಯ ಮಕ್ಕಳು ಕೋಟೆಯಲ್ಲಿ ವಾಸಿಸುವ ಸಾಧು ದೆವ್ವದ ಸಿನಿಮಾ ಮಾಡಬೇಕೆಂದು ಹಟ ಹಿಡಿದಾಗ, ಮೊಬೈಲ್ ಆ್ಯಪ್‌ಗಳನ್ನು ಬದಿಗಿಟ್ಟು ರಂಗಭೂಮಿಯ ಹಳೆಯ ಉಪಾಯವೊಂದನ್ನು ಬಳಸಿದೆವು. ಮರೆಯಲ್ಲಿರುವ ವಸ್ತುವಿನ ಬಿಂಬವನ್ನು ಓರೆಯಾಗಿಟ್ಟ ಗಾಜಿನಲ್ಲಿ ಮೂಡಿಸಿ ದೆವ್ವದಂತೆ ತೋರಿಸುವ ಉಪಾಯವದು. ಇಂಜಿನಿಯರ್ ಹೆನ್ರಿ ಡರ್ಕ್ಸ್ ಅವರ ಕಲ್ಪನೆಯನ್ನು ಸುಧಾರಿಸಿ ವಿಜ್ಞಾನ ಉಪನ್ಯಾಸಕ ಜಾನ್ ಹೆನ್ರಿ ಪೆಪ್ಪರ್ 1862ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ಈ ತಂತ್ರಕ್ಕೆ ಇಂದಿಗೂ ‘ಪೆಪ್ಪರ್‌ನ ದೆವ್ವ’ ಎಂದೇ ಹೆಸರು. ದೆವ್ವವನ್ನು ತಾನೇ ಕೈಯಾರೆ ಮೂಡಿಸಿದ ಮಗುವಿಗೆ ಅದರ ಭಯ ಉಳಿಯುವುದಿಲ್ಲವಾದ್ದರಿಂದ, ಚಿಕ್ಕವರಿರುವ ಮನೆಗೆ ಇದೇ ತಕ್ಕ ದಾರಿ ಎಂದು ನಾನು ನಂಬಿದ್ದೇನೆ.

ಮೊದಲು ಕಥೆಯನ್ನು ಗಟ್ಟಿ ಮಾಡಿಕೊಳ್ಳಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ದೆವ್ವಕ್ಕಾಗಿಯೇ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ನಮ್ಮ ಕಥೆಯ ದೆವ್ವವು ಕೋಟೆಬಾಗಿಲಿನ ಆ ಬರಹವನ್ನು ಓದಿ, ಹೇಳಿದ ಮಾತಿಗೆ ತಪ್ಪದೆ ಮರಳಿ, ಮರುದಿನ ಮತ್ತೆ ಬರುತ್ತದೆ. ಕೊನೆಗೆ ಒಳಗಿನ ಹುಡುಗಿಯೇ ಮರುಕಪಟ್ಟು ಬರಹವನ್ನು ಅಳಿಸುತ್ತಾಳೆ.

ಕೋಟೆಗೆ ರಟ್ಟಿನ ಪೆಟ್ಟಿಗೆಗಳು ಸಾಕು. ಮಕ್ಕಳಿಗೆ ಒಮ್ಮೆ ಬೆಂಗಳೂರು ಅರಮನೆಯನ್ನು ತೋರಿಸಿದರೆ, ಗೋಪುರಗಳ ನೆತ್ತಿಯ ಹಲ್ಲುಹಲ್ಲಿನಂಥ ತೆನೆಗಳನ್ನು ರಟ್ಟಿನಲ್ಲಿ ಅವರೇ ಕತ್ತರಿಸುತ್ತಾರೆ. ದೆವ್ವಕ್ಕೆ ಗೇಣುದ್ದದ ಬೊಂಬೆ ಮಾಡಿ, ಹಳೆಯ ಬಿಳಿ ಪಂಚೆಯ ತುಂಡನ್ನು ಹೊದಿಸಿ.

ಇನ್ನು ಮುಖ್ಯವಾದ ಜೋಡಣೆ. ಮೊಬೈಲನ್ನು ಕೋಟೆಗೆ ನೇರವಾಗಿ, ಅಲುಗಾಡದಂತೆ ನಿಲ್ಲಿಸಿ, ಎರಡರ ನಡುವೆ ಪಾರದರ್ಶಕ ಅಕ್ರಿಲಿಕ್ ಹಾಳೆಯೊಂದನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ ನೆಟ್ಟಗೆ ನಿಲ್ಲಿಸಬೇಕು. ಹಾಳೆ ದಪ್ಪವಾದಷ್ಟೂ ಅದರ ಎರಡು ಮೈಗಳಿಂದ ಎರಡು ಬಿಂಬಗಳು ಬೇರೆಬೇರೆಯಾಗಿ ಕಾಣುವುದರಿಂದ ತೆಳುವಾದದ್ದನ್ನೇ ಆರಿಸಿ, ಅಂಚುಗಳಿಗೆ ಟೇಪ್ ಸುತ್ತಿ. ಹಾಳೆಯ ಮೊಬೈಲಿನ ಕಡೆಗಿನ ಮೈ ತಿರುಗಿರುವ ಬದಿಯಲ್ಲಿ, ಮೊಬೈಲಿನ ಕಣ್ಣಿಗೆ ಬೀಳದಂತೆ, ಕಪ್ಪು ಬಟ್ಟೆಯ ಮುಂದೆ ಬೊಂಬೆಯನ್ನು ಇಡಬೇಕು. ನಾವು ಮೊದಲ ದಿನ ಹೊಳಪಿನ ಸ್ಯಾಟಿನ್ ಕಟ್ಟಿದ್ದರಿಂದ ಬಟ್ಟೆಯ ನೆರಿಗೆಗಳೂ ಗೋಡೆಯ ಮೇಲೆ ತೇಲಿದವು; ಹೊಳಪಿಲ್ಲದ ಹತ್ತಿ ಬಟ್ಟೆಯೇ ಬೇಕು.

ಬಿಂಬವು ಬೊಂಬೆ ಹಾಳೆಯಿಂದ ಎಷ್ಟು ದೂರವಿದೆಯೋ ಅಷ್ಟೇ ದೂರ ಹಾಳೆಯ ಹಿಂದೆ ಮೂಡುತ್ತದೆ. ಕೋಟೆಬಾಗಿಲು ಹಾಳೆಯಿಂದ ಒಂದೂವರೆ ಅಡಿ ಹಿಂದಿದ್ದರೆ, ಬೊಂಬೆಯನ್ನೂ ಒಂದೂವರೆ ಅಡಿ ದೂರವಿಟ್ಟಾಗ ಅದು ಸರಿಯಾಗಿ ಬಾಗಿಲಲ್ಲೇ ನಿಂತಂತೆ ಕಾಣುತ್ತದೆ. ಬಿಂಬದಲ್ಲಿ ಎಡಬಲ ಅದಲುಬದಲಾಗುವುದರಿಂದ ಬೊಂಬೆಯ ಮೇಲೆ ಅಕ್ಷರಗಳಿರಬಾರದು.

ಕತ್ತಲಾದ ಮೇಲೆ ಪರದೆ ಎಳೆದು ಚಿತ್ರೀಕರಿಸಿ. ಕೋಟೆಗೆ ಮಂದ ಬೆಳಕಿರಲಿ, ಬೊಂಬೆಗೆ ಟಾರ್ಚ್ ಬೆಳಕು ಬೀಳಲಿ. ಕೆಳಗಿನಿಂದ ಬೀಳುವ ಬೆಳಕು ಮುಖವನ್ನು ಭಯಂಕರವಾಗಿಸುವುದರಿಂದ ಟಾರ್ಚನ್ನು ತುಸು ಮೇಲಿನಿಂದಲೇ ಹಿಡಿಯಬೇಕು. ಅದರ ಮುಂದೆ ಬಟರ್ ಪೇಪರ್‌ನ ಪದರಗಳನ್ನು ಇಟ್ಟು ಒಂದೊಂದಾಗಿ ತೆಗೆದರೆ ದೆವ್ವ ಮೆಲ್ಲನೆ ಮೂಡುತ್ತದೆ, ಒಂದೊಂದಾಗಿ ಸೇರಿಸಿದರೆ ಮರೆಯಾಗುತ್ತದೆ. ಬೆಳಕು ಬದಲಾದಾಗ ಮೊಬೈಲ್ ತಾನಾಗಿ ಹೊಂದಿಸಿಕೊಂಡು ಚಿತ್ರವನ್ನು ಕೆಡಿಸದಿರಲು, ತೆರೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿಕೊಳ್ಳಿ.

ದೆವ್ವದ ಮಾತನ್ನು ಆಮೇಲೆ ಪ್ರತ್ಯೇಕವಾಗಿ ಧ್ವನಿಮುದ್ರಿಸಬೇಕು. ಆಟೋಗಳ ಹಾರ್ನ್ ಇಲ್ಲದ ಹೊತ್ತಿನಲ್ಲಿ, ಕೋಣೆಯಲ್ಲಿ ದನಿ ಮಾರ್ದನಿಸದಂತೆ ಸೀರೆಗಳು ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ಮಗುವನ್ನು ಕೂರಿಸಿ, ಯಾವ ಪ್ರತಿಧ್ವನಿಯನ್ನೂ ಸೇರಿಸದೆ, ಅದರ ಸಹಜ ದನಿಯಲ್ಲೇ ‘ನಾಳೆ ಬರಲೇ?’ ಎಂದು ಕೇಳಿಸಿ.