ಓಮ್ನಿಗೆ ಹಳೆಯ ಬಾಗಿಲು: ಹೊಳಪಿಗೆ ಮರುಳಾಗಬೇಡಿ

ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಗಾಡಿಗಳು ಮಾತ್ರ ತರಕಾರಿ ಮೂಟೆ, ಹಾಲಿನ ಕ್ರೇಟು, ಶಾಮಿಯಾನದ ಕಂಬ ಹೊತ್ತು ಇನ್ನೂ ಓಡುತ್ತಿವೆ. ಪಕ್ಕದ ಜಾರುಬಾಗಿಲಿಗೆ ಪೆಟ್ಟು ಬಿದ್ದರೆ ಟಿಂಕರಿಂಗ್ ಮಾಡಿಸುವುದಕ್ಕಿಂತ ಗುಜರಿಯಿಂದ ಇಡೀ ಬಾಗಿಲು ತಂದು ಹಾಕುವುದು ಎಷ್ಟೋ ಸಲ ಲಾಭ. ಆದರೆ ಅಂಗಡಿಗೆ ಹೋದವರು ಸಾಲಾಗಿ ಒರಗಿಸಿಟ್ಟ ಬಾಗಿಲುಗಳಲ್ಲಿ ಯಾವುದು ಹೆಚ್ಚು ಹೊಳೆಯುತ್ತದೋ ಅದನ್ನೇ ಹೊತ್ತು ತರುತ್ತಾರೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೆಳ ಅಂಚಿನ ಬಣ್ಣ ಗುಳ್ಳೆ ಏಳುತ್ತದೆ. ಕೊಳ್ಳಬೇಕಾದದ್ದು ಬಣ್ಣ ಮಾಸಿದ, ಗೀರು ಬಿದ್ದ, ಕಂಪನಿಯ ಮೂಲ ಪೇಂಟ್ ಇನ್ನೂ ಇರುವ ಬಾಗಿಲು.

1. ಹೊರಡುವ ಮುನ್ನ ನಿಮ್ಮ ಗಾಡಿ ನೋಡಿ

ಬಾಗಿಲಿನ ಜೊತೆ ಅದು ಜಾರುವ ಗಾಡಿಯ ಹಳಿಯೂ ಬಗ್ಗಿದ್ದರೆ ಯಾವ ಬಾಗಿಲು ತಂದರೂ ಕೂರುವುದಿಲ್ಲ. ಮೇಲೆ, ಕೆಳಗೆ, ಹಿಂಬದಿಯ ಹೊರಮೈಯಲ್ಲಿ, ಹೀಗೆ ಮೂರೂ ಹಳಿಗಳ ಮೇಲೆ ಬೆರಳಾಡಿಸಿ ನೋಡಿ. ಬಾಗಿದ್ದರೆ ಮೊದಲು ಅದನ್ನು ನೇರ ಮಾಡಿಸಿ, ಆಮೇಲೆ ಗುಜರಿಯ ದಾರಿ ಹಿಡಿಯಿರಿ.

ಎಡ, ಬಲ ಎನ್ನುವುದು ಚಾಲಕನ ಸೀಟಿನಲ್ಲಿ ಕೂತು ಮುಂದೆ ನೋಡುವವನ ಲೆಕ್ಕ. ಎಡದ ಬಾಗಿಲು ಬಲಕ್ಕೆ ಆಗದು. ಈಕೋ ಬಾಗಿಲು ನೋಡಲು ಹತ್ತಿರದ ನೆಂಟನಂತಿದ್ದರೂ ಓಮ್ನಿಗೆ ಹೊಂದುವುದಿಲ್ಲ. ಕಾರ್ಗೋ ಗಾಡಿಯಿಂದ ಬಿಚ್ಚಿದ್ದಾದರೆ ಗಾಜಿನ ಜಾಗದಲ್ಲಿ ತಗಡು ಇರಬಹುದು. ಹಿಡಿ, ಲಾಕು, ಗಾಜಿನ ಚೌಕಟ್ಟಿನ ಫೋಟೊ ತೆಗೆದುಕೊಳ್ಳಿ.

ಒಂದು ರಟ್ಟನ್ನು ಆಚೆ ಬದಿಯ ಸರಿಯಿರುವ ಬಾಗಿಲಿನ ಉಬ್ಬಿಗೆ ಮೇಲಿಂದ ಕೆಳಗೆ ಹೊಂದುವಂತೆ ಕತ್ತರಿಸಿ. ಗುಜರಿಯಲ್ಲಿ ಅದನ್ನು ಮಗುಚಿ ಹಿಡಿದರೆ ಬೇಕಾದ ಬದಿಯ ಅಚ್ಚು ಸಿದ್ಧ. ಟಾರ್ಚ್, ಟೇಪು, ಸಣ್ಣ ಸ್ಕ್ರೂಡ್ರೈವರ್, ಗಟ್ಟಿ ತಂತಿಯ ತುಂಡು, ನೇರವಾದ ಎರಡು ಕೋಲು, ಫ್ರಿಜ್‌ಗೆ ಅಂಟಿಸುವ ತೆಳು ಅಯಸ್ಕಾಂತ, ಹಳಿಯಲ್ಲಿ ಉರುಳುವ ರೋಲರನ್ನು ಬಾಗಿಲಿಗೆ ಹಿಡಿಸುವ ಬ್ರಾಕೆಟ್ಟಿನ ಒಂದು ಬೋಲ್ಟು, ಇಷ್ಟು ಚೀಲದಲ್ಲಿರಲಿ. ಸ್ಪೀಕರಿನಿಂದ ಕಿತ್ತ ದಪ್ಪ ಅಯಸ್ಕಾಂತ ಬೇಡ. ಅದು ಗುಳಿ, ತೂತು ಮುಚ್ಚಲು ಮೆತ್ತುವ ಪುಟ್ಟಿಯ ಮೇಲಿಂದಲೂ ತಗಡನ್ನು ಹಿಡಿದು ಮೋಸ ಮಾಡುತ್ತದೆ.

2. ಬಾಗಿಲನ್ನು ತಲೆಕೆಳಗಾಗಿಸಿ

ಎಲ್ಲರೂ ಎಡವುವುದು ಇಲ್ಲೇ. ಬಾಗಿಲೆಂದರೆ ಎರಡು ತಗಡು. ಕೆಳ ಅಂಚಿನಲ್ಲಿ ಹೊರತಗಡನ್ನು ಒಳತಗಡಿನ ಮೇಲೆ ಮಡಚಿ ಅಮುಕಿರುತ್ತಾರೆ. ಗಾಜಿನ ರಬ್ಬರು ದಾಟಿ ಒಳಗಿಳಿದ ಮಳೆನೀರು ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ದೂಳು ಕಟ್ಟಿ ತೂತು ಮುಚ್ಚಿದರೆ ನೀರು ಮಡಿಕೆಯಲ್ಲೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡೇ ಉಳಿದಿರುವುದಿಲ್ಲ.

ಆದ್ದರಿಂದ ಗೋಣಿಚೀಲ ಹಾಸಿ ಬಾಗಿಲನ್ನು ತಲೆಕೆಳಗಾಗಿ ನಿಲ್ಲಿಸಿ. ಒಳಗೆ ಜರಜರ ಸದ್ದಾಗಿ ತುಕ್ಕಿನ ಚಕ್ಕೆ ಉದುರಿತೇ? ಅಲ್ಲಿಗೆ ಆ ಬಾಗಿಲಿನ ಮಾತು ಮುಗಿಯಿತು. ಸದ್ದಿಲ್ಲದಿದ್ದರೆ ತಂತಿಯನ್ನು ನೀರಿನ ತೂತುಗಳಲ್ಲಿ ತೂರಿಸಿ. ಮಣ್ಣು ಬಂದರೆ ಚಿಂತೆಯಿಲ್ಲ, ಪುಟ್ಟಿ ಅಡ್ಡ ಬಂದರೆ ಯಾರೋ ಏನನ್ನೋ ಮುಚ್ಚಿದ್ದಾರೆ. ಮಡಿಕೆಯ ಗೆರೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ ಇರಬೇಕು. ನಡುವೆ ಊದಿಕೊಂಡಿದ್ದರೆ ಎರಡು ತಗಡಿನ ಮಧ್ಯೆ ತುಕ್ಕು ಬೆಳೆದಿದೆ. ಕೆಳಗಿನ ನಾಲ್ಕು ಅಂಗುಲದುದ್ದಕ್ಕೂ ಸ್ಕ್ರೂಡ್ರೈವರಿನ ತುದಿಯಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಹಪ್ಪಳದಂತೆ ಕುಸಿದರೆ ಕೈಬಿಡಿ. ಒಳಹಲಗೆ ಬಿಚ್ಚಿ ಟಾರ್ಚ್ ಬಿಡಿ. ಒಳಮೈಯಲ್ಲಿ ಕಂದು ಬಣ್ಣ ಹಿಡಿದಿದ್ದರೆ ಉಜ್ಜಿದರೆ ಹೋಗುತ್ತದೆ. ಪದರ ಪದರವಾಗಿ ಏಳುತ್ತಿದ್ದರೆ ಹೋಗದು.

ತಳಕ್ಕೆ ಕಪ್ಪು ರಬ್ಬರಿನಂಥ ಅಂಡರ್‌ಕೋಟಿಂಗ್ ಹೊಡೆದಿದ್ದರೆ ‘ತುಕ್ಕು ಹಿಡಿಯಬಾರದು ಅಂತ ಹೊಡೆಸಿದ್ದೀವಿ ಸಾರ್’ ಎನ್ನುತ್ತಾರೆ. ಗುಜರಿಗೆ ಹೋಗುವ ಬಾಗಿಲಿಗೆ ಅಷ್ಟು ಪ್ರೀತಿ ತೋರಿಸುವವರು ಯಾರು? ಕೆರೆದು ತೋರಿಸಲು ಹೇಳಿ, ಒಪ್ಪದಿದ್ದರೆ ಮುಂದಿನ ಅಂಗಡಿ ನೋಡಿ.

ಈಗ ಅಯಸ್ಕಾಂತ. ಮೊದಲು ಕಿಟಕಿಯ ಪಕ್ಕ, ತಗಡು ಸರಿಯಿರುವಲ್ಲಿ ಅಂಟಿಸಿ ಅದರ ಹಿಡಿತ ತಿಳಿದುಕೊಳ್ಳಿ. ಆಮೇಲೆ ತೆಳು ಬಟ್ಟೆ ಸುತ್ತಿ ಇಡೀ ಬಾಗಿಲಿನ ಮೇಲೆ ಎಳೆಯಿರಿ. ಹಿಡಿತ ಸಡಿಲವಾಗಿ ಜಾರಿದ ಕಡೆ ಪುಟ್ಟಿ ಇದೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಅಲ್ಲಿ ಠಣ್ ಎನ್ನದೆ ಡಬ್ ಎನ್ನುತ್ತದೆ. ನಡುಭಾಗದಲ್ಲಿ ಅಂಗೈಯಗಲದ ತೆಳು ಪುಟ್ಟಿಯನ್ನು ಸಹಿಸಬಹುದು. ಕೆಳ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟಿದ್ದರೂ ಬೇಡ.

ಕಂಪನಿಯ ಬೆಸುಗೆ ಎಂದರೆ ಸಾಲಾಗಿರುವ ಸಣ್ಣ ದುಂಡು ಗುಳಿಗಳು. ಉದ್ದದ ಗಂಟುಗಂಟಾದ ಬೆಸುಗೆ ಕಂಡರೆ ಅಲ್ಲಿ ತೇಪೆ ಬಿದ್ದಿದೆ.

3. ತಿರುಚಿದೆಯೇ ನೋಡಿ

ಮೇಲಂಚಿಗೊಂದು, ಕೆಳಂಚಿಗೊಂದು ಕೋಲು ಅಡ್ಡ ಇಟ್ಟು ದೂರದಿಂದ ಒಂದೇ ಕಣ್ಣಲ್ಲಿ ನೋಡಿ. ಎರಡೂ ಸಮಾನಾಂತರ ಕಾಣಬೇಕು. ಮೂಲೆಯಿಂದ ಮೂಲೆಗೆ ಟೇಪು ಹಿಡಿಯುವಾಗ ಒಂದು ಎಚ್ಚರ: ಬಾಗಿಲು ಚೌಕವಲ್ಲವಾದ್ದರಿಂದ ಎರಡು ಕರ್ಣಗಳನ್ನು ಒಂದಕ್ಕೊಂದು ಹೋಲಿಸಬಾರದು, ಸರಿಯಿರುವ ಬಾಗಿಲಿನ ಅಳತೆಗೆ ಹೋಲಿಸಬೇಕು. ರಟ್ಟಿನ ಅಚ್ಚು ಹಿಡಿದು ಉಬ್ಬನ್ನೂ ನೋಡಿ.

4. ರೋಲರ್ ಕೂರುವ ಜಾಗ

ತಂದ ಬೋಲ್ಟನ್ನು ಬ್ರಾಕೆಟ್ಟಿನ ತೂತುಗಳಲ್ಲಿ ಕೈಯಿಂದಲೇ ತಿರುಗಿಸಿ. ಸಲೀಸಾಗಿ ಇಳಿಯಬೇಕು. ಸುತ್ತಲಿನ ತಗಡು ಬಿರುಕು ಬಿಟ್ಟಿರಬಾರದು. ಹಳೆ ರೋಲರ್‌ಗೆ ಕಾಸು ಕೊಡಬೇಡಿ, ಹೊಸದನ್ನೇ ಹಾಕಿ. ಸವೆದ ರೋಲರ್ ಹಾಕಿದರೆ ಬಾಗಿಲು ಜೋತುಬಿದ್ದು ಗಾಡಿಯ ಮೈಯನ್ನೇ ಕೆರೆಯುತ್ತದೆ.

5. ದುಡ್ಡು, ಬಿಲ್ಲು

ಗಾಜು, ಲಾಕು, ಹಿಡಿ ಸೇರಿದ್ದೇ ಎಂದು ಮೊದಲೇ ಕೇಳಿ ದರ ಮಾತಾಡಿ. ಹೊಸದಾಗಲಿ ಹಳೆಯದಾಗಲಿ ಪೇಂಟಿಂಗ್ ಖರ್ಚು ತಪ್ಪಿದ್ದಲ್ಲ. ಆದ್ದರಿಂದ ಹೊಸ ಬಾಗಿಲಿನ ಅರ್ಧ ಬೆಲೆಗಿಂತ ಹೆಚ್ಚು ಕೊಡುವುದು ದಂಡ. ಮಾರುವವರ ಹೆಸರು, ವಿಳಾಸ, ಯಾವ ಗಾಡಿಯಿಂದ ಬಿಚ್ಚಿದ್ದು ಎಂಬುದರ ಜೊತೆಗೆ ‘ಕೂರದಿದ್ದರೆ ವಾಪಸು’ ಎಂದೂ ಬಿಲ್ಲಿನಲ್ಲಿ ಬರೆಸಿ. ಬಿಲ್ಲಿಲ್ಲ ಎಂದವರ ಬಳಿ ಕೊಳ್ಳಬೇಡಿ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 317ರಡಿ ಅದು ಅಪರಾಧ.

6. ಕೂರಿಸಿದ ಮೇಲೆ ಬಣ್ಣ

ಬಹಳ ಜನ ಮೊದಲು ಪೇಂಟ್ ಮಾಡಿಸುತ್ತಾರೆ. ಆಮೇಲೆ ಕೂರದಿದ್ದರೆ ವಾಪಸೂ ಇಲ್ಲ, ತಟ್ಟಿ ಸರಿಮಾಡಿದರೆ ಬಣ್ಣವೂ ಇಲ್ಲ. ಮೊದಲು ಹಳಿಗೇರಿಸಿ, ಹತ್ತು ಸಲ ಎಳೆದು ಮುಚ್ಚಿ ನೋಡಿ. ಸರಿಹೋದರೆ ಬಿಚ್ಚಿ, ಒಳಗಿನ ತುಕ್ಕು ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆಸಿ. ಬಣ್ಣವಾದ ಮೇಲೆ ಒಳಮಡಿಕೆಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಹಾಕಿಸಿ, ನೀರಿನ ತೂತು ಮಾತ್ರ ಮುಚ್ಚದಿರಲಿ. ವ್ಯಾಕ್ಸ್ ಬದಲು ಸುಟ್ಟ ಎಂಜಿನ್ ಆಯಿಲ್ ಸುರಿಯುವ ಅಗ್ಗದ ಉಪಾಯ ಬೇಡ. ರಬ್ಬರು ಊದಿಕೊಳ್ಳುತ್ತದೆ, ಮುಂದೆ ಪೇಂಟ್ ಹಿಡಿಯುವುದಿಲ್ಲ. ಬಿಳಿ ಗಾಡಿಯಾದರೆ ಬಣ್ಣದ ಕೋಡ್ ಇರುವ ಪ್ಲೇಟಿನಲ್ಲಿ ಸಾಮಾನ್ಯವಾಗಿ 26ಯು ಎಂದಿರುತ್ತದೆ. ಆದರೂ ಬಿಸಿಲಿಗೆ ಮಾಸಿದ ಬಿಳಿಗೆ ಡಬ್ಬಿಯ ಬಿಳಿ ಹೊಂದದು, ಗಾಡಿಯನ್ನೇ ಪೇಂಟರ್ ಬಳಿ ಒಯ್ದು ಮಿಕ್ಸ್ ಮಾಡಿಸಿ.

ಕೊನೆಗೆ ಜೋಡಿಸುವಾಗ ರೋಲರ್ ಬೋಲ್ಟುಗಳನ್ನು ಅರೆಬಿಗಿ ಮಾಡಿ, ಸುತ್ತಲಿನ ಸಂದು ಸಮ ಮಾಡಿಕೊಂಡು ಆಮೇಲೆ ಪೂರ್ತಿ ಬಿಗಿಯಿರಿ. ಬಾಗಿಲು ಬಂದು ಮುಚ್ಚುವ ಗಾಡಿಯ ಕಂಬದ ಮೇಲಿನ ಲಾಕಿನ ಕೊಕ್ಕೆಯ ಸರದಿ ಎಲ್ಲಕ್ಕಿಂತ ಕೊನೆಗೆ. ಜೋತುಬಿದ್ದ ಬಾಗಿಲನ್ನು ಕೊಕ್ಕೆ ಇಳಿಸಿ ಹೊಂದಿಸಿಕೊಟ್ಟರೆ ಅಂದಿಗೆ ಮುಚ್ಚುತ್ತದೆ, ರೋಲರ್ ಇನ್ನಷ್ಟು ಸವೆದಾಗ ಹಳ್ಳದ ರಸ್ತೆಯಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ.