ಟ್ಯೂಬ್ ಆಂಪ್ಲಿಫೈಯರ್‌ಗೆ ಬಫರ್ ಇರುವ ಎಫೆಕ್ಟ್ಸ್ ಲೂಪ್

ಗಿಟಾರ್ ಆಂಪ್ಲಿಫೈಯರ್‌ನ ನಡುವಿನಿಂದ ಸಿಗ್ನಲ್ಲನ್ನು ಧ್ವನಿ ಬದಲಿಸುವ ಎಫೆಕ್ಟ್ ಪೆಡಲ್ಲಿಗೆ ಕಳುಹಿಸಿ ಮರಳಿ ಪಡೆಯುವ ದಾರಿಯೇ ಎಫೆಕ್ಟ್ಸ್ ಲೂಪ್. ಅದರ ಜಾಗ ಟೋನ್ ನಿಯಂತ್ರಣಗಳ ನಂತರ, ಫೇಸ್ ಇನ್ವರ್ಟರ್‌ಗೆ (ಔಟ್‌ಪುಟ್ ಟ್ಯೂಬ್‌ಗಳಿಗೆ ಪರಸ್ಪರ ವಿರುದ್ಧ ಸಿಗ್ನಲ್ ಕೊಡುವ ಹಂತ) ಮೊದಲು. ಒಂದು 12ಎಎಕ್ಸ್7 ಟ್ಯೂಬ್ ಸಾಕು: ಅದರ ಒಂದರ್ಧ ಕ್ಯಾಥೋಡ್ ಫಾಲೋವರ್ (ಹಿಗ್ಗಿಸದೆ, ಮುಂದಿನ ಸಾಧನದ ಹೊರೆ ತಾಳುವ ಬಫರ್) ಆಗಿ ಸಿಗ್ನಲ್ಲನ್ನು ಹೊರಗೆ ಕಳುಹಿಸುತ್ತದೆ, ಇನ್ನರ್ಧ ಮರಳಿ ಬಂದದ್ದನ್ನು ಹಿಗ್ಗಿಸುತ್ತದೆ.

ಹೆಚ್ಚಿನವರು ಎಡವುವುದು ಸಿಗ್ನಲ್ ಮಟ್ಟದಲ್ಲಿ. ಅಲ್ಲಿ 10 ವೋಲ್ಟ್ ಇದ್ದರೆ ಪೆಡಲ್ ತಾಳುವುದಿಲ್ಲ. ನಾನು ಫಾಲೋವರ್‌ನ ಗ್ರಿಡ್ಡಿಗೆ (ಸಿಗ್ನಲ್ ಒಳಬರುವ ತುದಿ) ಮುಂಚೆಯೇ 470 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳಿಂದ ಅದನ್ನು ಸುಮಾರು 0.2 ವೋಲ್ಟಿಗೆ ಇಳಿಸುತ್ತೇನೆ. ಇದೇ ಜೋಡಿಯನ್ನು ಫಾಲೋವರ್ ಆದಮೇಲೆ ಹಾಕಿದರೆ 600 ಓಮ್ ಆಸುಪಾಸಿನ ಔಟ್‌ಪುಟ್ ಇಂಪೀಡೆನ್ಸ್ (ಹೊರಹೋಗುವ ಸಿಗ್ನಲ್ಲಿಗೆ ಇರುವ ಅಡ್ಡಿ) 10 ಕಿಲೋಓಮ್‌ಗೆ ಏರುತ್ತದೆ; ಬಫರ್ ಹಾಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮರಳುವ ಹಂತದಲ್ಲಿ ಪ್ಲೇಟಿಗೆ 100 ಕಿಲೋಓಮ್, ಕ್ಯಾಥೋಡಿಗೆ 1.5 ಕಿಲೋಓಮ್, ಅದರ ಜೊತೆ ಸಮಾಂತರವಾಗಿ 22 ಮೈಕ್ರೋಫ್ಯಾರಡ್. ಸರಿಸುಮಾರು 50 ಪಟ್ಟು ಹಿಗ್ಗಿ ಲೆಕ್ಕ ಸರಿಹೋಗುತ್ತದೆ.

ಫಾಲೋವರ್‌ನ ಕ್ಯಾಥೋಡ್ 100 ವೋಲ್ಟಿನ ಸುತ್ತಮುತ್ತ ನಿಂತಿರುತ್ತದೆ. ಆದ್ದರಿಂದ ಹೊರಹೋಗುವ ದಾರಿಯಲ್ಲಿ 400 ವೋಲ್ಟಿನ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಜ್ಯಾಕಿನಿಂದ ನೆಲಕ್ಕೆ 220 ಕಿಲೋಓಮ್ ಇರಲಿ. ಇಲ್ಲಿ ಜಿಪುಣತನ ಬೇಡ. ಈ ಕೆಪಾಸಿಟರ್ ಸೋರಿದರೆ ಪೆಡಲ್ಲಿಗೇ ಆಪತ್ತು. ಕೈ ಹಾಕುವ ಮುನ್ನ ಫಿಲ್ಟರ್ ಕೆಪಾಸಿಟರ್‌ಗಳನ್ನು (ವಿದ್ಯುತ್ ಪೂರೈಕೆಯಲ್ಲಿ ಚಾರ್ಜ್ ಹಿಡಿದಿಡುವವು) ರೆಸಿಸ್ಟರ್ ಮೂಲಕ ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡಮೇಲಷ್ಟೇ ಮುಟ್ಟಿ.

ರಿಟರ್ನ್ (ಮರಳಿ ಬರುವ) ಬದಿಗೆ ಸ್ವಿಚ್ ಇರುವ ಜ್ಯಾಕನ್ನೇ ಆರಿಸಿ, ಅದರ ಸ್ವಿಚ್ ತುದಿಯನ್ನು ಸೆಂಡ್ (ಹೊರಹೋಗುವ) ಜ್ಯಾಕಿಗೆ ಜೋಡಿಸಿ. ಏನೂ ಚುಚ್ಚದಿದ್ದಾಗ ಸಿಗ್ನಲ್ ನೇರವಾಗಿ ಹರಿಯುತ್ತದೆ.